ಮ್ಯಾಚ್ ಶುರುವಾಗುವ ಹೊತ್ತಿಗೇ ಚಾನೆಲ್ ಯಾಕೆ ಮಾಯ?

ಶಿವಮೊಗ್ಗದ ನಿವೃತ್ತ ಮೇಷ್ಟ್ರೊಬ್ಬರು ಕ್ಯಾಲಿಫೋರ್ನಿಯಾದಲ್ಲಿರುವ ಮಗಳ ಮನೆಯಿಂದ ಪತ್ರ ಬರೆದಿದ್ದಾರೆ. ಮೊಮ್ಮಗಳು ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದಾಳೆ. ಅಲ್ಲಿನ ಹುಡುಗಿಯರ ವಾಲಿಬಾಲ್ ಟೀಮಿನ ಹುಚ್ಚು ತಾತನಿಗೂ ಹತ್ತಿದೆ. ಅವರು ಕೇಳುತ್ತಾರೆ: "ನಮ್ಮ ಅಳಿಯ ಅಲ್ಲೇ ಓದಿದವರು. ಆಗ ಕಾಲೇಜು ಮ್ಯಾಚ್‌ಗಳಿಗೆ ಅಂತಲೇ ಒಂದು ಚಾನೆಲ್ ಇತ್ತಂತೆ, ಆದರೆ ಅವರ ಡಿಶ್‌ನಲ್ಲಿ ಒಂದು ದಿನವೂ ಬರಲಿಲ್ಲವಂತೆ. ಈಗಲೂ ಸೀಸನ್ ಶುರುವಾಯಿತು ಅನ್ನುವಾಗ ಯಾವುದೋ ಚಾನೆಲ್ ಹೋಗಿರುತ್ತದೆ. ಇವರು ಅವರ ಮೇಲೆ ಹಾಕ್ತಾರೆ, ಅವರು ಇವರ ಮೇಲೆ. ದುಡ್ಡು ಕಟ್ಟೋರು ಮಾತ್ರ ನಾವು. ತಪ್ಪು ಯಾರದ್ದು?"

ಮೇಷ್ಟ್ರೇ, ನಿಮ್ಮ ಅಳಿಯ ಹೇಳುತ್ತಿರುವುದು ಪ್ಯಾಕ್-12 ನೆಟ್‌ವರ್ಕ್ ಕಥೆ. ಪ್ಯಾಕ್-12 ಅಂದರೆ ಸ್ಟ್ಯಾನ್‌ಫರ್ಡ್, ಬರ್ಕ್ಲಿ, ಯುಸಿಎಲ್‌ಎ, ವಾಷಿಂಗ್ಟನ್, ಆರೆಗನ್ ಸೇರಿ ಅಮೆರಿಕದ ಪಶ್ಚಿಮದ 12 ವಿಶ್ವವಿದ್ಯಾಲಯಗಳು ತಮ್ಮತಮ್ಮಲ್ಲಿ ಆಡಲು ಕಟ್ಟಿಕೊಂಡಿದ್ದ ಕೂಟ. 2012ರ ಆಗಸ್ಟ್ 15ಕ್ಕೆ ಸ್ವಂತ ಚಾನೆಲ್ ಶುರು ಮಾಡಿತು. ಒಂದಲ್ಲ, ಏಳು: ದೇಶಕ್ಕೆಲ್ಲ ಒಂದು, ಪ್ರದೇಶಕ್ಕೊಂದರಂತೆ ಆರು. ಕಾಮ್‌ಕಾಸ್ಟ್, ಟೈಮ್ ವಾರ್ನರ್‌ನಂಥ ದೊಡ್ಡ ಕೇಬಲ್ ಕಂಪನಿಗಳು ಮೊದಲೇ ಒಪ್ಪಿದ್ದವು. ಡಿಶ್ ನೆಟ್‌ವರ್ಕ್ ಎಂಬ ಸ್ಯಾಟಲೈಟ್ ಕಂಪನಿ ಮುಂದಿನ ತಿಂಗಳು ಬಂತು. ಡೈರೆಕ್ಟಿವಿ ಮಾತ್ರ ಬರಲಿಲ್ಲ; ನಿಮ್ಮ ಅಳಿಯನ ಡಿಶ್ ಅದರದ್ದೇ ಇರಬೇಕು. ಸುಮಾರು ಎರಡು ಕೋಟಿ ಮನೆಗಳಿದ್ದ, ಆಗ ದೇಶದ ಅತಿ ದೊಡ್ಡ ಸ್ಯಾಟಲೈಟ್ ಟಿವಿ ಕಂಪನಿ ಅದು. ಚಾನೆಲ್ ಮುಚ್ಚುವವರೆಗೂ ಅದು ಒಪ್ಪಲೇ ಇಲ್ಲ.

ಜಗಳ ಇದ್ದದ್ದು ಮ್ಯಾಚ್ ನೋಡುವ ನಿಮ್ಮ ದುಡ್ಡಿಗಲ್ಲ. ನೋಡದವರ ದುಡ್ಡಿಗೆ. ನಮ್ಮ ಬೀದಿಯ ಗಣೇಶನ ಚಂದಾ ನೆನಪಿಸಿಕೊಳ್ಳಿ. ಆರ್ಕೆಸ್ಟ್ರಾಕ್ಕೆ ಬರುವವರು ನಾಲ್ಕು ಮನೆಯವರೇ ಇರಬಹುದು, ಚಂದಾ ಮಾತ್ರ ಎಲ್ಲ ಮನೆಯಿಂದಲೂ ಎತ್ತುತ್ತಾರೆ. ಕ್ರೀಡಾ ಚಾನೆಲ್‌ಗಳ ಆಸೆಯೂ ಅದೇ. ಬೇಸಿಕ್ ಪ್ಯಾಕೇಜಿನಲ್ಲಿ ಸೇರಿಸಿ, ಪ್ರತಿ ಮನೆಯಿಂದ ತಿಂಗಳಿಗೆ ಇಷ್ಟು ಕೊಡಿ ಅನ್ನುತ್ತವೆ. ಲೆಕ್ಕ ಹಾಕಿ ನೋಡಿ. ಒಂದು ಕೋಟಿ ಮನೆ, ಮನೆಗೆ ಒಂದು ಡಾಲರ್ ಅಂದರೆ ವರ್ಷಕ್ಕೆ 12 ಕೋಟಿ ಡಾಲರ್. ಬೇಕಾದವರು ಮಾತ್ರ ಕೊಳ್ಳಲಿ ಅಂದು, ಹತ್ತರಲ್ಲಿ ಒಬ್ಬರೇ ಕೊಂಡರೆ, ಅಷ್ಟೇ ದುಡ್ಡಿಗೆ ಒಬ್ಬೊಬ್ಬರಿಂದ ತಿಂಗಳಿಗೆ ಹತ್ತು ಡಾಲರ್ ಕೀಳಬೇಕು. ಹತ್ತು ಡಾಲರ್ ಅಂದ ಕೂಡಲೇ ಆ ಒಬ್ಬರಲ್ಲೂ ಅರ್ಧ ಜನ ಎದ್ದು ಹೋಗುತ್ತಾರೆ. ಹಾಗಾಗಿ ಚಾನೆಲ್‌ನವರು ಬೇಸಿಕ್ ಪ್ಯಾಕೇಜೇ ಬೇಕು ಅಂತ ಪಟ್ಟು ಹಿಡಿಯುತ್ತಾರೆ. ಬೇಕಾದವರು ಮಾತ್ರ ಕೊಳ್ಳಲಿ ಅಂದದ್ದು ಡೈರೆಕ್ಟಿವಿ.

ಇದು ಹೊಸ ಜಗಳವೇನಲ್ಲ. 2007ರ ಆಗಸ್ಟ್ 30ಕ್ಕೆ ಮಿಚಿಗನ್, ಒಹಾಯೊ ಕಡೆಯ ವಿಶ್ವವಿದ್ಯಾಲಯಗಳ ಬಿಗ್ ಟೆನ್ ನೆಟ್‌ವರ್ಕ್ ಶುರುವಾಯಿತು. ತಮ್ಮ ರಾಜ್ಯಗಳಲ್ಲಿ ಮನೆಗೆ ತಿಂಗಳಿಗೆ ಒಂದು ಡಾಲರ್ ಹತ್ತು ಸೆಂಟ್ ಕೇಳಿದರು. ಕಾಮ್‌ಕಾಸ್ಟ್ ಆಗಲ್ಲ ಅಂದಿತು. ಡೈರೆಕ್ಟಿವಿ ಹಾಕಿಕೊಂಡಿತ್ತು. ಎರಡೇ ದಿನಕ್ಕೆ, ಸೆಪ್ಟೆಂಬರ್ 1ಕ್ಕೆ, ಮಿಚಿಗನ್ ತನ್ನದೇ ಸ್ಟೇಡಿಯಂನಲ್ಲಿ ಅಪಲಾಚಿಯನ್ ಸ್ಟೇಟ್ ಎಂಬ ಸಣ್ಣ ಕಾಲೇಜಿನ ಎದುರು ಅಮೆರಿಕನ್ ಫುಟ್‌ಬಾಲ್ ಆಡಿತು. ದೇಶದಲ್ಲೇ ಐದನೇ ರ‍್ಯಾಂಕ್ ಟೀಮು, ಸುಮ್ನೆ ಪ್ರಾಕ್ಟೀಸ್ ಅಂದುಕೊಂಡಿದ್ದರು. 34-32ಕ್ಕೆ ಸೋತರು. ಕೊನೇ ಸೆಕೆಂಡುಗಳಲ್ಲಿ ಮಿಚಿಗನ್ ಒದ್ದ ಫೀಲ್ಡ್ ಗೋಲನ್ನು ಎದುರಾಳಿ ಅಡ್ಡ ಹಾರಿ ತಡೆದ. ಕಾಲೇಜ್ ಫುಟ್‌ಬಾಲ್‌ನಲ್ಲಿ ಇವತ್ತಿಗೂ ಆ ಸೋಲಿನ ಮಾತು ಬರುತ್ತದೆ. ಮಿಚಿಗನ್‌ನಲ್ಲೇ ಕಾಮ್‌ಕಾಸ್ಟ್ ಇದ್ದ ಮನೆಗಳಲ್ಲಿ ಈ ಹೊಸ ಚಾನೆಲ್‌ನ ಆ ಮ್ಯಾಚ್ ಬರಲಿಲ್ಲ! ಮುಂದಿನ ವರ್ಷ ಜೂನ್‌ನಲ್ಲಿ ಕಾಮ್‌ಕಾಸ್ಟ್ ರಾಜಿಗೆ ಬಂತು.

ಹಾಗಾದರೆ ಬಿಗ್ ಟೆನ್ ಹಾಕಿಕೊಂಡ ಡೈರೆಕ್ಟಿವಿ ಪ್ಯಾಕ್-12 ಯಾಕೆ ಬೇಡ ಅಂದಿತು? ನನಗೆ ಕಾಣುವ ದೊಡ್ಡ ಕಾರಣ, ಹಿಂದೆ ಯಾರಿದ್ದಾರೆ ಅನ್ನುವುದು. ಬಿಗ್ ಟೆನ್ ಚಾನೆಲ್‌ನಲ್ಲಿ ಫಾಕ್ಸ್ ಪಾಲುದಾರ. 2014ರಲ್ಲಿ ಬಂದ, ದಕ್ಷಿಣದ ವಿಶ್ವವಿದ್ಯಾಲಯಗಳ ಎಸ್‌ಇಸಿ ನೆಟ್‌ವರ್ಕ್ ಇಎಸ್‌ಪಿಎನ್‌ನದು. ಎಸ್‌ಇಸಿ ಬೇಡ ಅಂದರೆ ನಾಳೆ ಇಎಸ್‌ಪಿಎನ್ ಮಾತುಕತೆಗೆ ಕೂತಾಗ ಅದೇ ಮುಖ ನೋಡಬೇಕು. ಡೈರೆಕ್ಟಿವಿ ಅದನ್ನು ಶುರುವಾಗುವ ಮೊದಲೇ ಒಪ್ಪಿಕೊಂಡಿತು. ಪ್ಯಾಕ್-12ರ ಕಮಿಷನರ್ ಲ್ಯಾರಿ ಸ್ಕಾಟ್ ಪಾಲುದಾರರೇ ಬೇಡ, ಪೂರ್ತಿ ನಮ್ಮದೇ ಇರಲಿ ಅಂದರು. ಕೇಳುವುದಕ್ಕೆ ಸ್ವಾಭಿಮಾನದ ಮಾತು. ಮಾತುಕತೆಗೆ ಕೂತಾಗ ಮಾತ್ರ ಕೈಯಲ್ಲಿ ಇನ್ನೊಂದು ಚಾನೆಲ್ ಇರಲಿಲ್ಲ.

ಇನ್ನೊಂದು ವಿಷಯ ಜಾಸ್ತಿ ಜನ ಗಮನಿಸುವುದಿಲ್ಲ. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಭಾನುವಾರದ ಮ್ಯಾಚ್‌ಗಳನ್ನು ಊರು ಯಾವುದಾದರೂ ನೋಡಲು ಸಂಡೇ ಟಿಕೆಟ್ ಅಂತ ಒಂದು ಪ್ಯಾಕೇಜ್ ಇತ್ತು. 1994ರಿಂದ 2022ರ ಸೀಸನ್ನಿನವರೆಗೆ ಅದು ಡೈರೆಕ್ಟಿವಿ ಹತ್ತಿರವೇ ಇತ್ತು. ಫುಟ್‌ಬಾಲ್ ಪ್ರೇಮಿ ಕಂಪನಿ ಬಿಟ್ಟು ಹೋಗುತ್ತೇನೆ ಅಂತ ಹೆದರಿಸಬಹುದು, ಆದರೆ ಭಾನುವಾರ ಬಂದರೆ ಅವನಿಗೆ ಅದೇ ಡಿಶ್ ಬೇಕು. ಶನಿವಾರದ ಕಾಲೇಜು ಚಾನೆಲ್‌ಗೋಸ್ಕರ ಗುಂಪು ಗುಂಪಾಗಿ ಬಿಟ್ಟು ಹೋಗುವುದಿಲ್ಲ ಅಂತ ಕಂಪನಿಗೆ ಚೆನ್ನಾಗಿ ಗೊತ್ತಿತ್ತು.

2015ರಲ್ಲಿ ಟೆಲಿಫೋನ್ ಕಂಪನಿ ಎಟಿ ಅಂಡ್ ಟಿ ಡೈರೆಕ್ಟಿವಿಯನ್ನು ಕೊಂಡಾಗ ಎಲ್ಲರೂ ಇನ್ನೇನು ಬಂತು ಅಂದುಕೊಂಡರು. ಎಟಿ ಅಂಡ್ ಟಿ ಪ್ಯಾಕ್-12ರ ಪ್ರಾಯೋಜಕ, ಅದರ ಯು-ವರ್ಸ್ ಟಿವಿ ಸೇವೆಯಲ್ಲಿ ಈ ಚಾನೆಲ್ ಬರುತ್ತಿತ್ತು ಕೂಡ. ಆಗಲಿಲ್ಲ. 2018ರ ಕೊನೆಗೆ ಯು-ವರ್ಸ್‌ನಿಂದಲೂ ತೆಗೆದರು.

ನಿಮ್ಮ ವಾಲಿಬಾಲ್‌ಗೂ ಇಲ್ಲೇ ಪೆಟ್ಟು ಬಿದ್ದದ್ದು. ದೊಡ್ಡ ಫುಟ್‌ಬಾಲ್ ಮ್ಯಾಚ್‌ಗಳು ಇಎಸ್‌ಪಿಎನ್, ಫಾಕ್ಸ್‌ಗೆ ಹೋಗುತ್ತಿದ್ದವು. ಪ್ಯಾಕ್-12 ಚಾನೆಲ್‌ಗಳು ವರ್ಷಕ್ಕೆ ತೋರಿಸುತ್ತಿದ್ದ ನೂರಾರು ಮ್ಯಾಚ್‌ಗಳಲ್ಲಿ ವಾಲಿಬಾಲ್, ಜಿಮ್ನಾಸ್ಟಿಕ್ಸ್, ಸಾಫ್ಟ್‌ಬಾಲ್, ಈಜು, ಇವೇ ತುಂಬಾ. ಸ್ಟ್ಯಾನ್‌ಫರ್ಡ್ ಹುಡುಗಿಯರು 2016, 2018, 2019ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದರು. ಒಟ್ಟು ಒಂಬತ್ತು ಸಲ, ಅಷ್ಟು ಬೇರೆ ಯಾವ ಕಾಲೇಜೂ ಗೆದ್ದಿಲ್ಲ. ಆ ವರ್ಷಗಳಲ್ಲಿ ಈ ಚಾನೆಲ್‌ನಲ್ಲಿ ಬಂದ ಅವರ ಮ್ಯಾಚ್‌ಗಳು ಪಕ್ಕದ ಬೀದಿಯ ಡೈರೆಕ್ಟಿವಿ ಡಿಶ್‌ಗೂ ಬರಲಿಲ್ಲ ಅಂದರೆ ಹೊಟ್ಟೆ ಉರಿಯುವುದಿಲ್ವಾ?

ಕೊನೆಗೆ ಕೂಟವೇ ಒಡೆಯಿತು. 2022ರ ಜೂನ್‌ನಲ್ಲಿ ಯುಎಸ್‌ಸಿ, ಯುಸಿಎಲ್‌ಎ ಹೊರಡುತ್ತೇವೆ ಅಂದವು, ಮುಂದಿನ ವರ್ಷ ಇನ್ನೂ ಎಂಟು. ಉಳಿದದ್ದು ಎರಡೇ. ಚಾನೆಲ್ ಒಂದೇ ಕಾರಣ ಅಂತ ನಾನು ಹೇಳುವುದಿಲ್ಲ, ಆದರೆ ಬೇರೆ ಕೂಟಗಳ ಕಾಲೇಜಿಗೆ ಸಿಗುವಷ್ಟು ಟಿವಿ ದುಡ್ಡು ಇಲ್ಲಿ ಸಿಗುತ್ತಿರಲಿಲ್ಲ. 2024ರ ಜೂನ್ 30ಕ್ಕೆ ಚಾನೆಲ್ ಮುಚ್ಚಿತು. ಪೆಸಿಫಿಕ್ ದಡದ ಸ್ಟ್ಯಾನ್‌ಫರ್ಡ್ ಈಗ ಅಟ್ಲಾಂಟಿಕ್ ಕೋಸ್ಟ್ (ಎಸಿಸಿ) ಕೂಟದಲ್ಲಿದೆ. ನಗಬೇಕೋ ಅಳಬೇಕೋ ನೀವೇ ಹೇಳಿ.

ಇನ್ನು ಸೀಸನ್ ಶುರುವಿನಲ್ಲೇ ಯಾಕೆ ಅಂದಿರಿ. ಕರಾರು ಮುಗಿಯುವುದೇ ಆಗ. 2023ರ ಆಗಸ್ಟ್ 31ಕ್ಕೆ ಚಾರ್ಟರ್ ಕೇಬಲ್‌ನಿಂದ ಇಎಸ್‌ಪಿಎನ್ ಸೇರಿ ಡಿಸ್ನಿ ಕಂಪನಿಯ ಚಾನೆಲ್‌ಗಳು ಹೋದವು, ಯೂಟಾ-ಫ್ಲಾರಿಡಾ ಮ್ಯಾಚ್ ನಡೆಯುತ್ತಿರುವಾಗಲೇ. 2024ರ ಸೆಪ್ಟೆಂಬರ್ 1ಕ್ಕೆ ಡೈರೆಕ್ಟಿವಿಯ ಸರದಿ. ಲಾಸ್ ವೇಗಸ್‌ನಲ್ಲಿ ಯುಎಸ್‌ಸಿ-ಎಲ್‌ಎಸ್‌ಯು ಆಟದ ಸಂಜೆ ಒಂದು ಕೋಟಿಗೂ ಹೆಚ್ಚು ಮನೆಗಳಲ್ಲಿ ಇಎಸ್‌ಪಿಎನ್ ಇಲ್ಲ. ವಾಪಸ್ ಬಂದದ್ದು 14ಕ್ಕೆ, ಶನಿವಾರ ಬೆಳಗ್ಗೆ, ಆ ದಿನದ ಕಾಲೇಜ್ ಫುಟ್‌ಬಾಲ್ ಹೊತ್ತಿಗೆ ಸರಿಯಾಗಿ. ಚಾನೆಲ್‌ನವರ ಕೈ ಮೇಲಾಗುವುದು ಆ ವಾರಗಳಲ್ಲೇ. ಫೆಬ್ರವರಿಯಲ್ಲಿ ಹೋದರೆ ಯಾರು ಫೋನ್ ಮಾಡುತ್ತಾರೆ?

ತಪ್ಪು ಯಾರದ್ದು ಅಂದರೆ, ನೋಡದವರು ಯಾಕೆ ಕೊಡಬೇಕು ಅಂತ ಡೈರೆಕ್ಟಿವಿ ಕೇಳಿದ್ದು ನ್ಯಾಯವೇ. ಆದರೆ ಬೇರೆ ಕ್ರೀಡಾ ಚಾನೆಲ್‌ಗಳನ್ನು ಅದೇ ಬಿಲ್ಲಿಗೆ ಸೇರಿಸುವಾಗ ಈ ನ್ಯಾಯ ನೆನಪಾಗಲಿಲ್ಲ. ಹಿಂದೆ ದೊಡ್ಡವರಿಲ್ಲದ ಚಾನೆಲ್ ಬಂದಾಗ ಮಾತ್ರ ನೆನಪಾಯಿತು. ನನ್ನ ತಕರಾರು ಅದು.

ನಮ್ಮಲ್ಲಿ 2019ರಿಂದ ಟ್ರಾಯ್ ನಿಯಮದ ಪ್ರಕಾರ ಪ್ರತಿ ಪೇ ಚಾನೆಲ್ ಬಿಡಿಯಾಗಿ ಬೆಲೆ ಹೇಳಬೇಕು, ಬೇಕಾದ್ದು ಆರಿಸಿಕೊಳ್ಳಬಹುದು. ಹಾಗಂತ ಜಗಳ ನಿಲ್ಲಲಿಲ್ಲ. 2023ರ ಫೆಬ್ರವರಿಯಲ್ಲಿ ಹೊಸ ದರಕ್ಕೆ ಸಹಿ ಹಾಕದ ಕೇಬಲ್ ಕಂಪನಿಗಳಿಗೆ ಸ್ಟಾರ್, ಝೀ, ಸೋನಿ ಸಿಗ್ನಲ್ ನಿಲ್ಲಿಸಿದ್ದವು. ಆಗ ನೀವು ಊರಲ್ಲೇ ಇದ್ದಿರೇನೋ.

ನಿಮ್ಮ ಸದ್ಯದ ಕೆಲಸಕ್ಕೆ ಬರೋಣ. ಸ್ಟ್ಯಾನ್‌ಫರ್ಡ್ ವಾಲಿಬಾಲ್ ಈಗ ಹೆಚ್ಚಾಗಿ ಎಸಿಸಿ ನೆಟ್‌ವರ್ಕ್ ಮತ್ತು ಇಎಸ್‌ಪಿಎನ್ ಆ್ಯಪ್‌ನಲ್ಲಿ. 2025ರ ಆಗಸ್ಟ್‌ನಿಂದ ಇಎಸ್‌ಪಿಎನ್ ಡಿಶ್, ಕೇಬಲ್ ಇಲ್ಲದವರಿಗೂ ನೇರವಾಗಿ ಸಿಗುತ್ತಿದೆ. ಶುರುವಿನ ಬೆಲೆ ತಿಂಗಳಿಗೆ 29.99 ಡಾಲರ್, ಎಸಿಸಿ ನೆಟ್‌ವರ್ಕ್ ಅದರಲ್ಲೇ ಇದೆ. ಕಾಲೇಜು ವಾಲಿಬಾಲ್ ಆಗಸ್ಟ್ ಕೊನೆಯಿಂದ ಡಿಸೆಂಬರ್‌ವರೆಗೆ. ಅಷ್ಟು ತಿಂಗಳು ಕಟ್ಟಿ, ಆಮೇಲೆ ಅಳಿಯನಿಗೆ ಹೇಳಿ ನಿಲ್ಲಿಸಿಬಿಡಿ. ಡಿಶ್‌ನಲ್ಲಿ ಚಾನೆಲ್ ಹೋದ ದಿನಗಳಿದ್ದರೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಬಿಲ್ಲಿನಲ್ಲಿ ಕಡಿತ ಕೇಳಿ. 2024ರಲ್ಲಿ ಕೇಳಿದವರಿಗೆ ಕೊಟ್ಟಿದ್ದರು.

- ಸಂ.