ಕಬ್ಬಿಣವಿಲ್ಲದೆ, ಗಾರೆಯಿಲ್ಲದೆ ದಕ್ಷಿಣ ಅಮೆರಿಕದ ಇಂಕಾ ಜನರು ಕಲ್ಲುಗಳನ್ನು ಅಷ್ಟು ಬಿಗಿಯಾಗಿ ಹೇಗೆ ಜೋಡಿಸಿದರು?

ಕಲ್ಲಿನಿಂದಲೇ ಕಲ್ಲನ್ನು ಕುಟ್ಟಿ. ನದಿಪಾತ್ರದಲ್ಲಿ ಸಿಗುವ ಗಟ್ಟಿ ಗುಂಡುಕಲ್ಲುಗಳೇ ಅವರ ಸುತ್ತಿಗೆಗಳು. ಒಂದು ಕಲ್ಲಿನ ಆಕಾರಕ್ಕೆ ಹೊಂದುವಂತೆ ಇನ್ನೊಂದನ್ನು ಕುಟ್ಟುವುದು, ಇಟ್ಟು ನೋಡುವುದು, ತೆಗೆದು ಮತ್ತೆ ಕುಟ್ಟುವುದು. 1980ರ ದಶಕದಲ್ಲಿ ವಾಸ್ತುಶಿಲ್ಪಿ ಪ್ರೊಟ್ಜೆನ್ ಇದನ್ನು ಸ್ವತಃ ಮಾಡಿ ತೋರಿಸಿದರು. ಅನ್ಯಗ್ರಹದವರು ಬಂದು ಕಟ್ಟಿದರು ಎನ್ನುವುದು ಆ ಕಲ್ಲುಕುಟಿಗರಿಗೆ ಬಗೆಯುವ ದ್ರೋಹ ಎಂದೇ ನನ್ನ ಅನಿಸಿಕೆ.

ಪೆರುವಿನ ಕುಸ್ಕೋಗೆ ಹೋದರೆ ಹತೂನ್ ರುಮಿಯೋಕ್ ಓಣಿಯಲ್ಲಿರುವ ಹನ್ನೆರಡು ಮೂಲೆಗಳ ಕಲ್ಲಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಮುಟ್ಟುವಂತಿಲ್ಲ, ನೋಡಬಹುದು. ಅಲ್ಲಿನ ಗೋಡೆಗಳಲ್ಲಿ ಕಲ್ಲಿನ ನಡುವೆ ಏಟಿನ ಗುಳಿಗಳು ದೊಡ್ಡವು, ಅಂಚಿಗೆ ಬರುತ್ತಿದ್ದಂತೆ ಸಣ್ಣವು: ಸಂದಿಯ ಬಳಿ ಚಿಕ್ಕ ಗುಂಡುಗಳಿಂದ ಹಗುರವಾಗಿ ತಟ್ಟಿದ ಗುರುತು ಅದು. ಎಂಥ ತಾಳ್ಮೆ!

ಇಂಕಾ ಗೋಡೆಗಳು ಒಳಕ್ಕೆ ತುಸು ವಾಲಿರುತ್ತವೆ, ಬಾಗಿಲುಗಳು ಮೇಲಕ್ಕೆ ಹೋದಂತೆ ಕಿರಿದಾಗುತ್ತವೆ. ಭೂಕಂಪದ ನಾಡಿನಲ್ಲಿ ಇದು ಬಹಳ ಮುಖ್ಯ. 1950ರ ಕಂಪನದಲ್ಲಿ ಕೊರಿಕಾಂಚಾ ದೇಗುಲದ ಮೇಲೆ ಸ್ಪೇನಿನವರು ಕಟ್ಟಿದ್ದ ಸ್ಯಾಂಟೋ ಡೊಮಿಂಗೊ ಚರ್ಚಿಗೆ ಭಾರಿ ಹಾನಿಯಾಯಿತು. ಇಂಕಾ ಗೋಡೆಗಳು ನಿಂತೇ ಇದ್ದವು.

ಸಮಯವಿದ್ದರೆ ಕುಸ್ಕೋ ಪ್ರದೇಶದ ಇನ್ನೊಂದು ಇಂಕಾ ತಾಣ ಒಯಾಂತಾಯ್‌ತಾಂಬೊವನ್ನೂ ಬಿಡಬೇಡಿ. ನದಿಯಾಚೆಯ ಗಣಿಯಿಂದ ಎಳೆದು ತರುವಾಗ ಅರ್ಧದಲ್ಲೇ ಉಳಿದ ಬೃಹತ್ ಬಂಡೆಗಳು ಇಂದಿಗೂ ದಾರಿಯಲ್ಲಿ ಬಿದ್ದಿವೆ.