ಪ್ರ: ಸಿಂಧನೂರು ಹತ್ತಿರ ತೋಟದ ಮನೆ, ರಾತ್ರಿ ಕಳ್ಳರ ಕಾಟ. ವಿಶ್ವಾಸಿ ಬಂದೂಕು ಇಡಬಹುದೇ?

ಲೂಕ 22:36ರ 'ಕತ್ತಿ ಕೊಂಡುಕೊಳ್ಳಲಿ' ಎಂಬ ಮಾತೊಂದನ್ನೇ ನಂಬಿ ಹೊರಡಬೇಡಿ. ಅದೇ ಅಧ್ಯಾಯದಲ್ಲಿ ಎರಡು ಕತ್ತಿ ತೋರಿಸಿದಾಗ 'ಸಾಕು' ಅಂದ ಯೇಸು, ಅದು ಬಳಕೆಯಾದ ಕೂಡಲೇ ತಡೆದು, ಗಾಯಗೊಂಡವನ ಕಿವಿಯನ್ನು ವಾಸಿಮಾಡುತ್ತಾನೆ.

ನಿಮ್ಮ ಪ್ರಶ್ನೆಗೆ ಹತ್ತಿರವಾದದ್ದು ವಿಮೋಚನಕಾಂಡ 22:2-3. ಕಳ್ಳ ಕನ್ನ ಕೊರೆಯುವಾಗ ಸಿಕ್ಕಿ ಹೊಡೆತಕ್ಕೆ ಸತ್ತರೆ ಹೊಡೆದವನ ಮೇಲೆ ರಕ್ತಾಪರಾಧವಿಲ್ಲ. ಸೂರ್ಯ ಹುಟ್ಟಿದ ಮೇಲಾದರೆ ಇದೆ. ಸೋಜಿಗವೆಂದರೆ ನಮ್ಮ ಭಾರತೀಯ ನ್ಯಾಯ ಸಂಹಿತೆಯ 41ನೇ ಕಲಮೂ ಸೂರ್ಯಾಸ್ತದಿಂದ ಸೂರ್ಯೋದಯದವರೆಗಿನ ಕನ್ನಗಳವನ್ನು ಬೇರೆಯಾಗಿಯೇ ನೋಡುತ್ತದೆ. ಆದರೆ 37ನೇ ಕಲಂ ಓದಿ: ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಆತ್ಮರಕ್ಷಣೆಯ ಹಕ್ಕಿಲ್ಲ, ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಪಂಪ್‌ಸೆಟ್ ಕೇಬಲ್ ಹೊತ್ತು ಓಡುವವನ ಬೆನ್ನಿಗೆ ಗುಂಡು ಹಾರಿಸಿದರೆ ಕೇಸು ನಿಮ್ಮ ಮೇಲೆಯೇ.

ಸಭೆಗಳಲ್ಲಿ ಒಮ್ಮತವಿಲ್ಲ. ಕಥೋಲಿಕ ಧರ್ಮೋಪದೇಶದ 2264-65ನೇ ಪರಿಚ್ಛೇದಗಳು ಮಿತಿಯೊಳಗಿನ ರಕ್ಷಣೆಯನ್ನು ಒಪ್ಪುತ್ತವೆ, ಅವಲಂಬಿತರ ಹೊಣೆ ಹೊತ್ತವರಿಗೆ ಅದನ್ನು ಕರ್ತವ್ಯವೆಂದೂ ಹೇಳುತ್ತವೆ. ಹಿಂಸೆಯನ್ನು ಒಪ್ಪದ ಕ್ರೈಸ್ತ ಪಂಗಡವಾದ ಮೆನ್ನೊನೈಟರು ಮತ್ತಾಯ 5:39 ('ಇನ್ನೊಂದು ಕೆನ್ನೆಯನ್ನೂ ಒಡ್ಡು') ಹಿಡಿದು ಆಯುಧವನ್ನೇ ಒಲ್ಲೆನ್ನುತ್ತಾರೆ. ನನಗೆ ಮೊದಲನೆಯದೇ ಸರಿಯೆನಿಸುತ್ತದೆ, ಕಾಯಬೇಕಾದದ್ದು ಜೀವವಾಗಿದ್ದರೆ ಮಾತ್ರ. ಕೇಬಲ್ಲಿಗಲ್ಲ.

ಲೈಸೆನ್ಸ್ ಬೇಕೇಬೇಕೆಂದರೆ ರಾಯಚೂರು ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಕೊಡಿ. ಪೊಲೀಸ್ ವರದಿ ಬರಬೇಕು. ಆಯುಧ ಕಾಯ್ದೆಯ 2019ರ ತಿದ್ದುಪಡಿಯ ನಂತರ ಲೈಸೆನ್ಸಿನ ಅವಧಿ 5 ವರ್ಷ, ಒಬ್ಬರಿಗೆ ಗರಿಷ್ಠ 2 ಬಂದೂಕು. ಅದಕ್ಕೂ ಮೊದಲು ಬೋರ್‌ವೆಲ್ ಬಳಿ ದೀಪ ಹಾಕಿಸಿ, ಕೇಬಲನ್ನು ಪೈಪಿನೊಳಗೆ ಹೂಳಿಸಿ, ತುರ್ತು ನೆರವಿನ 112 ನಂಬರ್ ಮನೆಯವರೆಲ್ಲರ ಫೋನಿನಲ್ಲಿರಲಿ.