ಬೇರೆಯವರ ಮನೆಯ ಗೋಡೆ ಒಡೆಯುವುದನ್ನು ನೋಡುವುದರಲ್ಲಿ ಅಂಥದ್ದೇನಿದೆ?

ಸ್ವಂತ ಮನೆ ಇಲ್ಲ, ರಿಪೇರಿ ಮಾಡಿಸುವ ಯೋಚನೆಯೂ ಇಲ್ಲ, ಆದರೂ ಮನೆ ನವೀಕರಣದ ಟಿವಿ ಶೋಗಳನ್ನು ಒಂದಾದ ಮೇಲೊಂದು ನೋಡುತ್ತಾ ಕೂರುತ್ತೇನೆ, ಯಾಕೆ ಅಂತ ಕೇಳಿದ್ದೀರಿ. ನಾನೂ ಅದೇ ಗುಂಪಿಗೆ ಸೇರಿದವನು, ಹಾಗಾಗಿ ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಯೋಚಿಸಿದ್ದೇನೆ.

ಕೊನೆಯಲ್ಲಿ ತೋರಿಸುವ ಹೊಳೆಯುವ ಮನೆಗಾಗಿ ನೋಡುತ್ತೇವೆ ಅಂತ ಬಹಳ ಜನ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಚೆಂದದ ಮನೆ ನೋಡಬೇಕಿದ್ದರೆ ಫೋಟೋ ಸಾಕಲ್ವಾ? ಈ ಶೋಗಳ ರುಚಿ ಇರುವುದು ನಡುವಿನಲ್ಲಿ, ಗೋಡೆ ಬಿಚ್ಚಿದ ಮೇಲೆ. ಮನೆಯೊಳಗೆ ವರ್ಷಗಟ್ಟಲೆ ಇರುತ್ತೇವೆ, ಆದರೆ ಗೋಡೆಯ ಹಿಂದೆ ಏನಿದೆ ಅಂತ ನಮಗೆ ಗೊತ್ತೇ ಇರುವುದಿಲ್ಲ. ಟಿವಿಯಲ್ಲಿ ಅದು ಕಾಣಿಸುತ್ತದೆ. ಎಲ್ಲೋ ಪೈಪ್ ಸೋರಿ ಮರ ಕೊಳೆತಿರುತ್ತದೆ. ಮುಟ್ಟಿದರೆ ಉದುರುವಂಥ ಹಳೇ ವೈರಿಂಗ್ ಇರುತ್ತದೆ. ಅಡುಗೆಮನೆ ದೊಡ್ಡದು ಮಾಡೋಣ ಅಂತ ತೆಗೆಯಲು ಹೊರಟ ಗೋಡೆಯೇ ಮೇಲಿನ ಮಹಡಿಯ ಭಾರ ಹೊತ್ತಿರುತ್ತದೆ. ಆ ಗೋಡೆ ತೆಗೆಯಬೇಕಾದರೆ ಭಾರ ಹೊರಲು ಬೀಮ್ ಹಾಕಬೇಕು, ಬೀಮ್‌ನ ಎರಡು ತುದಿಗೂ ಕಂಬ ಬೇಕು, ಕಂಬದ ಕೆಳಗಿನ ಅಡಿಪಾಯ ತಡೆಯುತ್ತದಾ ನೋಡಬೇಕು. ಒಂದು ಗೋಡೆಯಿಂದ ಇಷ್ಟೆಲ್ಲ! ಯಾವುದರಿಂದ ಯಾವುದು ಆಯಿತು ಅನ್ನುವುದು ಇಷ್ಟು ಸ್ಪಷ್ಟವಾಗಿ ಕಣ್ಣಿಗೆ ಕಾಣುವ ಟಿವಿ ಕಾರ್ಯಕ್ರಮಗಳು ಕಡಿಮೆ.

ಅಂದಹಾಗೆ, ಸುತ್ತಿಗೆಯ ಒಂದೇ ಏಟಿಗೆ ಗೋಡೆ ತೂತಾಗುವುದನ್ನು ನೋಡಿ ಆಶ್ಚರ್ಯವಾಗಿದ್ದರೆ, ಅದು ನಾಟಕವಲ್ಲ. ಅಮೆರಿಕ, ಕೆನಡಾದ ಬಹಳಷ್ಟು ಮನೆಗಳಲ್ಲಿ ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಬಡಿದು ಒಳಗೋಡೆ ಮಾಡಿರುತ್ತಾರೆ. ಹಲಗೆ ಅರ್ಧ ಇಂಚಿನಷ್ಟೇ ದಪ್ಪ. ಇಟ್ಟಿಗೆ ಗೋಡೆಯಾಗಿದ್ದರೆ ಆ ದೃಶ್ಯಕ್ಕೆ ಅಷ್ಟು ಮಜಾ ಬರುತ್ತಿರಲಿಲ್ಲ.

ಈ ಬಗೆಯ ಶೋ ಶುರುವಾದಾಗ ಇದ್ದಿದ್ದೂ ಈ ನಡುವಿನ ಭಾಗವೇ. 1979ರಲ್ಲಿ ಬಾಸ್ಟನ್‌ನ ಸಾರ್ವಜನಿಕ ವಾಹಿನಿಯೊಂದು ‘ದಿಸ್ ಓಲ್ಡ್ ಹೌಸ್’ ಶುರು ಮಾಡಿತು. ಮೊದಲ ಸೀಸನ್ ಪೂರ್ತಿ ಒಂದೇ ಹಳೇ ಮನೆ. ನಿರೂಪಕ ಬಾಬ್ ವಿಲಾ ಕೇಳುತ್ತಾ ಹೋಗುತ್ತಾರೆ, ಬಡಗಿ ನಾರ್ಮ್ ಏಬ್ರಮ್ ಮಾಡಿ ತೋರಿಸುತ್ತಾರೆ. ಅವಸರ ಇಲ್ಲ, ಅಳು ಇಲ್ಲ. 1994ರ ಕೊನೆಯಲ್ಲಿ ಎಚ್‌ಜಿಟಿವಿ ಅನ್ನುವ ವಾಹಿನಿಯೇ ಹುಟ್ಟಿಕೊಂಡಿತು, ಇಡೀ ದಿನ ಮನೆ ಮತ್ತು ತೋಟದ ವಿಷಯ. ಆಮೇಲೆ ವೇಗ ಹೆಚ್ಚಾಯಿತು. ಸೀಸನ್ ಪೂರ್ತಿ ನಡೆಯುತ್ತಿದ್ದ ಕೆಲಸ ಒಂದು ಕಂತಿನೊಳಗೆ ಬಂತು. ಜಾಹೀರಾತು ತೆಗೆದರೆ ನಲವತ್ತು ಚಿಲ್ಲರೆ ನಿಮಿಷ.

ಎರಡನೇ ಆಕರ್ಷಣೆ ಇರುವುದು ಇಲ್ಲೇ. ನಿಜಜೀವನದಲ್ಲಿ ಕಷ್ಟಗಳು ಬಾಕಿ ಉಳಿಯುತ್ತವೆ. ಸೋರುವ ನಲ್ಲಿಯನ್ನೇ ಮುಂದಿನ ವಾರ ನೋಡೋಣ ಅಂತ ಮುಂದೂಡುತ್ತೇವೆ. ಶೋದಲ್ಲಿ ಕಷ್ಟಕ್ಕೊಂದು ಬೆಲೆ ಇರುತ್ತದೆ: ಇಷ್ಟು ಸಾವಿರ ಡಾಲರ್ ಜಾಸ್ತಿ ಆಗುತ್ತೆ, ಏನು ಮಾಡೋಣ? ಜಾಹೀರಾತು ಮುಗಿಯುವಷ್ಟರಲ್ಲಿ ತೀರ್ಮಾನ ಆಗಿರುತ್ತದೆ. ನಮ್ಮ ಜೇಬಿಂದ ಒಂದು ಪೈಸೆ ಹೋಗದೆ ಒಂದು ದೊಡ್ಡ ಕೆಲಸ ಮುಗಿದ ಸಮಾಧಾನ ಸಿಗುತ್ತದೆ.

ಇನ್ನು ಮೂರನೆಯದು. ಅದನ್ನು ಯಾರೂ ಒಪ್ಪಿಕೊಳ್ಳುವುದಿಲ್ಲ. ಬೇರೆಯವರ ಅಭಿರುಚಿಗೆ ಮೂಗು ಮುರಿಯುವ ಸುಖ! ಬ್ರಿಟನ್ನಿನ ‘ಚೇಂಜಿಂಗ್ ರೂಮ್ಸ್’ 1996ರಲ್ಲಿ ಇದನ್ನೇ ಬಂಡವಾಳ ಮಾಡಿಕೊಂಡಿತು. ನೆರೆಹೊರೆಯವರು ಮನೆ ಅದಲುಬದಲು ಮಾಡಿಕೊಂಡು, ಎರಡು ದಿನದಲ್ಲಿ ಒಬ್ಬರು ಇನ್ನೊಬ್ಬರ ಕೋಣೆ ಬದಲಾಯಿಸಬೇಕು. ಒಂದು ಕಂತಿನಲ್ಲಿ ಮನೆಯವರು ಜೋಪಾನವಾಗಿ ಕೂಡಿಟ್ಟಿದ್ದ ಹಳೆಯ ಟೀಪಾಟ್‌ಗಳನ್ನು ತೂಗುವ ಶೆಲ್ಫ್ ಮೇಲೆ ಜೋಡಿಸಿದರು. ಶೆಲ್ಫ್ ಕುಸಿದು ಟೀಪಾಟ್‌ಗಳು ಪುಡಿಪುಡಿ. ಅದರ ಅಮೆರಿಕನ್ ರೂಪ ‘ಟ್ರೇಡಿಂಗ್ ಸ್ಪೇಸಸ್’ 2000ದಲ್ಲಿ ಬಂತು, ಒಂದು ಕೋಣೆಗೆ 1000 ಡಾಲರ್ ಬಜೆಟ್. ಅದರಲ್ಲಿ ಡಿಸೈನರ್ ಒಬ್ಬರು ಗೋಡೆ ತುಂಬಾ ಒಣಹುಲ್ಲು ಅಂಟಿಸಿಬಿಟ್ಟರು. ಹುಲ್ಲು! ಇಂಥದ್ದನ್ನು ನೋಡಿ ‘ಅಯ್ಯೋ, ನಮ್ಮನೆ ಇದಕ್ಕಿಂತ ವಾಸಿ’ ಅಂದುಕೊಳ್ಳದವರು ಯಾರು?

ಸುಳ್ಳು ಇಲ್ವಾ ಅಂದರೆ, ಬೇಕಾದಷ್ಟು ಇದೆ. ‘ಹೌಸ್ ಹಂಟರ್ಸ್’ನಲ್ಲಿ ಮೂರು ಮನೆ ನೋಡಿ ಒಂದನ್ನು ಆರಿಸುವ ದೃಶ್ಯ ಬರುತ್ತದಲ್ಲ, ಶೂಟಿಂಗ್‌ಗೆ ಮೊದಲೇ ಮನೆ ಕೊಂಡಾಗಿತ್ತು ಅಂತ ಅದರಲ್ಲಿ ಭಾಗವಹಿಸಿದ್ದವರೇ 2012ರಲ್ಲಿ ಹೇಳಿದರು. ‘ಫಿಕ್ಸರ್ ಅಪ್ಪರ್’ನ ಕೊನೆಯಲ್ಲಿ ಕಾಣುವ ಪೀಠೋಪಕರಣ ಹೆಚ್ಚಾಗಿ ಕ್ಯಾಮೆರಾಕ್ಕಾಗಿ ತಂದಿಟ್ಟಿದ್ದು. ಬೇಕಿದ್ದರೆ ಮನೆಯವರು ಬೇರೆ ದುಡ್ಡು ಕೊಟ್ಟು ಇಟ್ಟುಕೊಳ್ಳಬೇಕು. ‘ಎಕ್ಸ್‌ಟ್ರೀಮ್ ಮೇಕ್ಓವರ್: ಹೋಮ್ ಎಡಿಷನ್’ ಒಂದೇ ವಾರದಲ್ಲಿ ಮನೆ ಕಟ್ಟಿ ಕೊಡುತ್ತಿತ್ತು, ಹಗಲು ರಾತ್ರಿ ಪಾಳಿಯಲ್ಲಿ ಜನ ದುಡಿಯುತ್ತಿದ್ದರು. ಮನೆಗೆ ಅಡ್ಡ ನಿಲ್ಲಿಸಿದ್ದ ಬಸ್ ಸರಿದು ಹೊಸ ಮನೆ ಕಂಡಾಗ ಮನೆಯವರ ಜೊತೆ ನೋಡುವವರೂ ಅಳುತ್ತಿದ್ದರು. ಆದರೆ ಅಷ್ಟು ದೊಡ್ಡ ಮನೆಯ ತೆರಿಗೆ, ಕರೆಂಟ್ ಬಿಲ್ ತಡೆಯಲಾರದೆ ಕೆಲವು ಕುಟುಂಬಗಳು ಆಮೇಲೆ ಕಷ್ಟಪಟ್ಟವು. ಆ ಕಂತು ಯಾರೂ ತೆಗೆಯಲಿಲ್ಲ.

ಇದೆಲ್ಲ ಗೊತ್ತಿದ್ದೂ ನೋಡುತ್ತೇನೆ. ಪೀಠೋಪಕರಣ ಬಾಡಿಗೆಯದ್ದಾದರೇನು, ಕೊಳೆತ ತೊಲೆ ನಿಜವಾದದ್ದೇ ತಾನೆ!

ನನ್ನನ್ನು ಕೇಳಿದರೆ ಇವೆಲ್ಲಕ್ಕಿಂತ ಮೇಲಿನದು 1999ರಲ್ಲಿ ಶುರುವಾದ ಬ್ರಿಟನ್ನಿನ ‘ಗ್ರ್ಯಾಂಡ್ ಡಿಸೈನ್ಸ್’. ಕೆವಿನ್ ಮೆಕ್‌ಕ್ಲೌಡ್ ನಡೆಸಿಕೊಡುತ್ತಾರೆ. ಹೆಚ್ಚಾಗಿ ಹೊಸದಾಗಿ ಕಟ್ಟುವ ಮನೆಗಳು, ಕೆಲವೊಮ್ಮೆ ಪಾಳುಬಿದ್ದ ಕಟ್ಟಡಗಳು. ಒಂದೊಂದು ಕಂತಿನ ಹಿಂದೆ ವರ್ಷಗಳ ಕೆಲಸ ಇರುತ್ತದೆ. ಮಳೆಗೆ ಕೆಲಸ ನಿಲ್ಲುತ್ತದೆ, ಕಿಟಕಿ ಹೊತ್ತಿಗೆ ಸರಿಯಾಗಿ ಬರುವುದಿಲ್ಲ, ಬ್ಯಾಂಕು ಕೈ ಎತ್ತುತ್ತದೆ. 2019ರ ಒಂದು ಕಂತಿನಲ್ಲಿ ಡೆವನ್ ಕರಾವಳಿಯ ಬಂಡೆಯ ಮೇಲೆ ಲೈಟ್‌ಹೌಸ್ ಥರದ ಮನೆ ಕಟ್ಟಲು ಹೊರಟಿದ್ದರು. ಕಂತು ಮುಗಿದಾಗ ಮನೆ ಮುಗಿದಿರಲಿಲ್ಲ, ಸಾಲ ಮಾತ್ರ ಬೆಳೆದಿತ್ತು. ಗೆಲ್ಲುವುದು ಖಾತ್ರಿ ಇಲ್ಲ ಅನ್ನುವ ಕಾರಣಕ್ಕೇ ಅದರಲ್ಲಿ ಗೆದ್ದವರ ಮನೆ ನೋಡಲು ಹೆಚ್ಚು ಖುಷಿ.

ನೀವು ಇನ್ನೂ ನೋಡಿಲ್ಲದಿದ್ದರೆ ಅದರ ಯಾವುದಾದರೂ ಹಳೇ ಕಂತು ಹಾಕಿ. ಬಜೆಟ್ ಎಷ್ಟು, ಯಾವಾಗ ಮುಗಿಯುತ್ತೆ ಅಂತ ಶುರುವಿನಲ್ಲೇ ಕೇಳುತ್ತಾರೆ. ಮನೆ ಕಟ್ಟಿಸುವವರು ಹೇಳುವ ಎರಡೂ ಉತ್ತರ ಕೇಳಿ, ಕೊನೆಗೆ ಎಷ್ಟಾಗಬಹುದು ಅಂತ ಸುಮ್ನೆ ಒಂದು ಅಂದಾಜು ಹಾಕಿ. ಜೊತೆಗೆ ಯಾರಾದರೂ ಇದ್ದರೆ ಪಂದ್ಯ ಕಟ್ಟಬಹುದು. ಹೇಳಿದ ದಿನಕ್ಕೆ ಮುಗಿಯುತ್ತದೆ ಅನ್ನುವ ಕಡೆ ಮಾತ್ರ ಕಟ್ಟಬೇಡಿ.